ಯಾವ ಪಾಠಕ್ಕೂ ಸೇರದ ಪದಗಳು

ಕೊರೊನಾ ಮುಗಿದು ಶಾಲಾ ಕಾಲೇಜುಗಳು ಪೂರ್ತಿಯಾಗಿ ತೆರೆದ ವರ್ಷ ನಾನು ಮದ್ದೂರಿನ ಪದವಿ ಕಾಲೇಜೊಂದರಿಂದ ಇಂಗ್ಲಿಷ್ ಅಧ್ಯಾಪಕನಾಗಿ ನಿವೃತ್ತನಾದೆ. ನಮ್ಮ ಮನೆ ಮಂಡ್ಯದ ಗುತ್ತಲಿನಲ್ಲಿ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಖಾಸಗಿ ನರ್ಸಿಂಗ್ ಶಾಲೆಯವರು ಮೊದಲ ವರ್ಷದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಿ ಎಂದು ಕರೆದರು. ಮನೆಯಲ್ಲಿ ಸುಮ್ಮನೆ ಕೂರುವುದು ಬೇಸರವಾಗಿತ್ತು, ಒಪ್ಪಿಕೊಂಡೆ. ಸರ್ಕಾರಿ ಸೇವೆಯ ಅಷ್ಟೂ ವರ್ಷಗಳಿಗಿಂತ ಹೆಚ್ಚಾಗಿ ಇಂದಿಗೂ ನನ್ನನ್ನು ಕಾಡುವುದು ಅಲ್ಲಿ ಕಳೆದ ಆ ಒಂದೇ ವರ್ಷ.

ಅಲ್ಲಿದ್ದದ್ದು ಜಿಎನ್‌ಎಂ, ಅಂದರೆ ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ. ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರೂ ಸೇರಬಹುದಾದ್ದರಿಂದ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬಹಳ ಜನ ಬರುತ್ತಿದ್ದರು. ಹೆಚ್ಚಿನವರು ಅಲ್ಲಿಯವರೆಗೆ ಎಲ್ಲವನ್ನೂ ಕನ್ನಡದಲ್ಲೇ ಓದಿದವರು. ಇಲ್ಲಿ ಪುಸ್ತಕ, ಪ್ರಶ್ನೆ, ಉತ್ತರ ಎಲ್ಲವೂ ಇಂಗ್ಲಿಷ್.

ಮೊದಲ ಕಿರುಪರೀಕ್ಷೆ ಮುಗಿದ ವಾರ ಅನಾಟಮಿ, ಅಂದರೆ ಶರೀರರಚನೆಯ ಪಾಠ ಮಾಡುತ್ತಿದ್ದ ಪವಿತ್ರ ಎಂಬ ಮೇಡಂ ಒಂದು ಉತ್ತರಪತ್ರಿಕೆ ಹಿಡಿದು ಬಂದರು. ಬಹುಪಾಲು ಖಾಲಿ. "ಸರ್, ಈ ಹುಡುಗಿ ಕ್ಲಾಸಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಹೇಳ್ತಾಳೆ. ಆಸ್ಪತ್ರೆಗೆ ಕಳಿಸಿದ್ರೆ ವಾರ್ಡಿನ ಸಿಸ್ಟರು ಇವಳನ್ನೇ ಕರೀತಾರೆ. ಪೇಪರಲ್ಲಿ ಮಾತ್ರ ಹೀಗೆ. ಒಂದ್ಸಲ ಮಾತಾಡಿ ನೋಡಿ" ಎಂದರು.

ಹುಡುಗಿಯ ಹೆಸರು ಸುಜಾತ. ದುದ್ದದ ಹತ್ತಿರದ ಹಳ್ಳಿ. ತಾತನ ಕಾಲಕ್ಕೇ ಬೌದ್ಧರಾದ ಕುಟುಂಬ, ಬುದ್ಧನಿಗೆ ಪಾಯಸ ಉಣಿಸಿದವಳ ಈ ಹೆಸರಿಟ್ಟವರೂ ತಾತನೇ. ತಂದೆ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಕೆಲಸ ಮಾಡುತ್ತಿದ್ದರು. ನಾನು ಹೃದಯದಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂದು ಕೇಳಿದೆ. ಅವಳು ತಡವರಿಸದೆ ಹೇಳಿದಳು: ಮೈಯಿಂದ ಬಂದ ರಕ್ತ ಬಲ ಏಟ್ರಿಯಂಗೆ, ಅಲ್ಲಿಂದ ಕೆಳಗಿನ ವೆಂಟ್ರಿಕಲ್‌ಗೆ, ಮತ್ತೆ ಶ್ವಾಸಕೋಶಕ್ಕೆ. ವಾಲ್ವುಗಳ ಹೆಸರನ್ನೂ ಬಿಡಲಿಲ್ಲ.

"ಮತ್ತೆ ಯಾಕಮ್ಮ ಬರೀಲಿಲ್ಲ?"

ಅವಳು ಪ್ರಶ್ನೆಯ ಮೇಲೆ ಬೆರಳಿಟ್ಟಳು. ‘ಟ್ರೇಸ್ ದ ಕೋರ್ಸ್ ಆಫ್ ಬ್ಲಡ್ ಥ್ರೂ ದ ಹಾರ್ಟ್’ ಎಂದಿತ್ತು. ನಾನು ಕನ್ನಡದಲ್ಲಿ ಕೇಳಿದ್ದೂ ಅದನ್ನೇ. "ಕೋರ್ಸ್ ಅಂದ್ರೆ ನಾವ್ ಓದ್ತಾ ಇರೋ ನರ್ಸಿಂಗ್ ಕೋರ್ಸಲ್ವಾ ಸಾ? ಟ್ರೇಸ್ ಅಂದ್ರೆ ಪೊಲೀಸ್ನೋರು ಮೊಬೈಲ್ ಟ್ರೇಸ್ ಮಾಡೋದು. ರಕ್ತುಕ್ಕೂ ಪೊಲೀಸ್ಗೂ ಏನ್ ಸಮ್ಮಂದ ಅಂತ ಯೋಸ್ನೆ ಮಾಡ್ತಾ ಕುಂತ್ಕಂಡೆ. ಟೈಮ್ ಆಗೋಯ್ತು."

ನಗು ಬರಬೇಕಾದ ಮಾತು. ಬರಲಿಲ್ಲ.

ಭಾಷೆ ಕಲಿಸುವವರು ಪದಗಳನ್ನು ಸ್ಥೂಲವಾಗಿ ಮೂರು ಗುಂಪು ಮಾಡುತ್ತಾರೆ. ದಿನಬಳಕೆಯವು ಒಂದು. ವಿಷಯದ ಪಾರಿಭಾಷಿಕ ಪದಗಳು ಇನ್ನೊಂದು; ಏಟ್ರಿಯಂ, ವಾಲ್ವ್ ಇಂಥವು. ಇವನ್ನು ಪಾಠ ಮಾಡುವವರು ಚಿತ್ರ ಬರೆದು ವಿವರಿಸುತ್ತಾರೆ, ಆದ್ದರಿಂದ ಸುಜಾತನಿಗೆ ಅವು ಕಷ್ಟವಾಗಿರಲಿಲ್ಲ. ಮೂರನೆಯ ಗುಂಪಿನವು ಎಲ್ಲ ಪುಸ್ತಕಗಳಲ್ಲೂ ಇರುತ್ತವೆ, ಯಾವ ಪಾಠಕ್ಕೂ ಸೇರುವುದಿಲ್ಲ: ಟ್ರೇಸ್, ಅಡಿಕ್ವೇಟ್, ಇಂಪೇರ್ಡ್, ಸಬ್ಸಿಕ್ವೆಂಟ್ಲಿ, ರೆಸ್ಪೆಕ್ಟಿವ್ಲಿ. ಓದಿನ ಇಂಗ್ಲಿಷ್ ನಿಂತಿರುವುದು ಇವುಗಳ ಮೇಲೆ. ಅನಾಟಮಿಯವರು ಇದು ಇಂಗ್ಲಿಷ್ ಮೇಷ್ಟ್ರ ಕೆಲಸ ಎನ್ನುತ್ತಾರೆ. ಇಂಗ್ಲಿಷ್ ಸಿಲಬಸ್ಸಿನಲ್ಲಿರುವುದು ರಜೆಯ ಅರ್ಜಿ ಬರೆಯುವ ಕ್ರಮ.

ತರಗತಿ ಮುಗಿದ ಮೇಲೆ, ಬಸ್ಸಿನ ಹೊತ್ತಿಗಿಂತ ಮುಂಚೆ, ದಿನವೂ ಸ್ವಲ್ಪ ಹೊತ್ತು ಆ ಪದಗಳಿಗೆ ಮೀಸಲಿಟ್ಟೆ. ಸುಜಾತನ ಜೊತೆಗೆ ಇನ್ನೂ ಕೆಲವರು ಉಳಿದುಕೊಂಡರು. ಅರ್ಥ ಬರೆಸಿ ಬಾಯಿಪಾಠ ಮಾಡಿಸಲಿಲ್ಲ. ಅವರದೇ ಪಠ್ಯದಿಂದ ಒಂದು ವಾಕ್ಯ ತೆಗೆದು ಕನ್ನಡದಲ್ಲಿ ಬಿಡಿಸುವುದು, ಆ ಪದದ ಬಳಗವನ್ನೆಲ್ಲ ಪಕ್ಕದಲ್ಲಿ ನಿಲ್ಲಿಸುವುದು, ಅಸೆಸ್, ಅಸೆಸ್‌ಮೆಂಟ್, ರೀಅಸೆಸ್ ಹೀಗೆ. ಆಮೇಲೆ ಅದೇ ಪದ ಬೇರೆ ಪುಟಗಳಲ್ಲಿ ಎಲ್ಲಿ ಬಂದಿದೆ ಎಂದು ಹುಡುಕುವುದು. ನಿಧಾನದ ಕೆಲಸ. ಒಂದು ಪದ ನಮ್ಮದಾಗಬೇಕಾದರೆ ಅದು ಬೇರೆ ಬೇರೆ ಕಡೆ ಮತ್ತೆ ಮತ್ತೆ ಎದುರಾಗಬೇಕು. ಬೇರೆ ದಾರಿ ನನಗೆ ಗೊತ್ತಿಲ್ಲ.

ಸುಜಾತ ಇದರಲ್ಲಿ ಮುಳುಗಿಬಿಟ್ಟಳು. ಒಂದು ದಿನ ವಾರ್ಡಿನಿಂದ ಓಡಿಬಂದಂತೆ ಬಂದಳು. "ಸಾ, ಮದ್ದೂರಲ್ಲಿ ಎಳ್ನೀರಿಗೆ ಟೆಂಡರ್ ಕೋಕನಟ್ ಅಂತ ಬೋರ್ಡ್ ಆಕವ್ರೆ. ಇಲ್ಲಿ ಕೇಸ್ ಶೀಟಲ್ಲಿ ಪೇಸೆಂಟ್ ಒಟ್ಟೆ ಟೆಂಡರ್ ಅಂತ ಬರ್ದವ್ರೆ! ಮುಟ್ಟುದ್ರೆ ನೋಯ್ತದೆ ಅಂತ ತಾನೇ?" ಹೌದು ಎಂದೆ. "ಮುಟ್ಟಿ ನೋಡ್ದೆ ಸಾ. ಆಯಮ್ಮ ಅಯ್ಯೋ ಅಂದ್ರು. ಅರ್ಥ ಸರಿಯಾಗೇ ಅದೆ ಅಂತ ಗೊತ್ತಾಯ್ತು." ಆ ವರ್ಷದಲ್ಲಿ ನಾನು ಮನಸಾರೆ ನಕ್ಕದ್ದು ಅದೊಂದೇ ಸಲ.

ವಾರ್ಷಿಕ ಪರೀಕ್ಷೆ ಹತ್ತಿರ ಬಂತು. ಪ್ರಾಂಶುಪಾಲರು ಕರೆಸಿ, ಹೆಚ್ಚುವರಿ ತರಗತಿ ನಿಲ್ಲಿಸಿ ಎಂದರು. ಆ ಹೊತ್ತಿನಲ್ಲಿ ಎಲ್ಲರಿಗೂ ಮಾದರಿ ಉತ್ತರಗಳ ಗೈಡು ಕೊಟ್ಟು ಉರು ಹೊಡೆಸಬೇಕಿತ್ತು. "ಅರ್ಥ ಮಾಡ್ಕೊಂಡು ಪಾಸಾಗೋಕೆ ಟೈಮ್ ಎಲ್ಲಿದೆ ಸರ್? ಮೊದ್ಲು ಪಾಸಾಗ್ಲಿ, ಆಮೇಲೆ ಅರ್ಥ ಮಾಡ್ಕೋತಾರೆ." ಕೆಟ್ಟ ಮನುಷ್ಯರೇನಲ್ಲ. ಫಲಿತಾಂಶ ಕುಸಿದರೆ ಅವರೂ ಉತ್ತರ ಹೇಳಬೇಕಿತ್ತು.

ಸುಜಾತನಿಗೆ ನಾನೇ ಹೇಳಿದೆ, ಈ ಸಲಕ್ಕೆ ಗೈಡು ಓದಿಬಿಡು ಎಂದು. ಅವಳು ನನ್ನ ಮುಖ ನೋಡಿದಳು. "ಈಗಿನ್ನೂ ಓದುದ್ರೆ ತಲೆಗೋಯ್ತಾ ಅದೆ ಸಾ. ಈಗ ಕಣ್ಮುಚ್ಕಂಡು ಉರು ಒಡಿ ಅಂದ್ರೆ ಎಂಗೆ? ನಂಗಾಗಾಕಿಲ್ಲ." ಎಷ್ಟು ಹೇಳಿದರೂ ಕೇಳಲಿಲ್ಲ.

ಪರೀಕ್ಷೆಯಲ್ಲಿ ಅವಳು ಪ್ರತಿ ಪ್ರಶ್ನೆಯನ್ನೂ ಓದಿ, ಬಿಡಿಸಿಕೊಂಡು, ಸ್ವಂತ ವಾಕ್ಯ ಕಟ್ಟಿ ಬರೆದಳು. ಅರ್ಧ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು. ಗೈಡು ನುಂಗಿದವರು ಹಾಳೆಯ ಮೇಲೆ ಹಾಳೆ ಕೇಳಿ ಪಡೆದಿದ್ದರು. ಅವರು ಪಾಸಾದರು. ಸುಜಾತ ಎರಡು ವಿಷಯಗಳಲ್ಲಿ ಫೇಲಾದಳು.

ಪೂರಕ ಪರೀಕ್ಷೆಗೆ ಅವಳು ಗುತ್ತಲಿನ ನಮ್ಮ ಮನೆಗೇ ಬಂದು ಓದಿದಳು. ಬೇಗ ಬರೆಯುವುದನ್ನು ಅಭ್ಯಾಸ ಮಾಡಿಸಿದೆ. ಒಂದು ವಿಷಯ ಪಾಸಾಯಿತು. ಅನಾಟಮಿ ಮತ್ತೆ ಹೋಯಿತು, ಅದೂ ಕೂದಲೆಳೆಯಲ್ಲಿ. ಗೆಳತಿಯರು ಮುಂದಿನ ವರ್ಷಕ್ಕೆ ಹೋದರು. ಅವಳು ಮೊದಲ ವರ್ಷದಲ್ಲೇ ಹೊಸಬರ ಜೊತೆ ಕೂರಬೇಕಾಯಿತು. ಕೆಲವು ದಿನ ಕೂತಳು. ಆಮೇಲೆ ಬರಲಿಲ್ಲ.

ಅವಳ ತಾಯಿ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದರು. ದುದ್ದದಿಂದ ಮೊದಲ ಬಸ್ಸಿಗೆ ಬಂದಿದ್ದರು. ಕುರ್ಚಿ ಕೊಟ್ಟರೂ ಅಂಚಿನಲ್ಲೇ ಕೂತರು.

"ಮೇಷ್ಟ್ರೇ, ಒಂದ್ ಮಾತ್ ಕೇಳಾಕ್ ಬಂದೆ. ನನ್ ಮಗಳ್ಗೆ ಬುದ್ದಿ ಇಲ್ಲ ಅಂತ ಏಳ್ಬುಡಿ. ನಾವು ಸುಮ್ಕಾಯ್ತೀವಿ."

"ಬುದ್ಧಿ ಇಲ್ಲದೆ ಏನಮ್ಮ. ಆ ಕ್ಲಾಸಲ್ಲಿ ಅವಳಷ್ಟು ತಿಳಿದವರು ಕಡಿಮೆ. ಪಾಠ ಎಲ್ಲ ಬರುತ್ತೆ ಅವಳಿಗೆ."

"ಬತ್ತದೆ ಅಂತೀರಿ. ಬತ್ತದೆ ಅಂದ್ರೆ ಯಾಕ್ ಫೇಲು?"

ವ್ಯಾಕರಣ, ಶಬ್ದಭಂಡಾರ, ಬೋಧನಾ ವಿಧಾನ ಎಲ್ಲದರ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವನಾಗಿದ್ದ ನಾನು ಒಳಕ್ಕೆ ತಿರುಗಿ, ಕಾಫಿ ತರುವಂತೆ ಹೆಂಡತಿಗೆ ಹೇಳಿದೆ. ಅವರು ಅದನ್ನು ಕುಡಿದು ಲೋಟವನ್ನು ತಾವೇ ತೊಳೆದಿಟ್ಟರು. "ಓಗ್ಲಿ ಬುಡಿ. ನೀವೂ ಕಷ್ಟ ಬಿದ್ರಿ" ಎಂದು ಹೊರಟರು. ಅದು ನನ್ನ ಮೇಲಿನ ಸಿಟ್ಟಾಗಿದ್ದರೆ ಸಹಿಸಿಕೊಳ್ಳುವುದು ಸುಲಭವಾಗುತ್ತಿತ್ತು.

ಮತ್ತೊಮ್ಮೆ ಪ್ರಯತ್ನಿಸೋಣ ಎಂದು ಸುಜಾತನಿಗೆ ಫೋನ್ ಮಾಡಿದೆ. ಎತ್ತಿದಳು, ಹೂಂ ಎಂದಳು, ಬರಲಿಲ್ಲ. ಆಮೇಲೆ ಆ ನಂಬರೂ ಬದಲಾಯಿತು. ನಾನು ನರ್ಸಿಂಗ್ ಶಾಲೆ ಬಿಟ್ಟೆ. ಬಿಟ್ಟದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಇನ್ನೊಬ್ಬ ನಿವೃತ್ತರು ಬಂದರು, ರಜೆಯ ಅರ್ಜಿಯ ಪಾಠ ನಡೆಯಿತು.

ಕಳೆದ ವರ್ಷ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಗೆ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದೆ. ಸಂಜೆ ಹೆದ್ದಾರಿಯ ಪಕ್ಕ ಬಸ್ಸಿಗೆ ನಿಂತಿದ್ದಾಗ ಗಾರ್ಮೆಂಟ್ಸ್ ಕಾರ್ಖಾನೆಯ ಪಾಳಿ ಬಿಟ್ಟು ಹೆಣ್ಣುಮಕ್ಕಳ ಗುಂಪೊಂದು ಬಂತು. ಅದರಿಂದ ಒಬ್ಬಳು ಬೇರೆಯಾಗಿ ನನ್ನ ಮುಂದೆ ನಿಂತಳು. ಸುಜಾತ. ಕೊರಳಲ್ಲಿ ಗುರುತಿನ ಚೀಟಿ, ತಲೆಗೂದಲಿನಲ್ಲಿ ಬಟ್ಟೆಯ ನೂಲಿನ ಎಳೆಗಳು. ಮದ್ದೂರಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಹೊಲಿಗೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಾಳಂತೆ.

ಏನಾದರೂ ಓದುತ್ತೀಯಾ ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಇಲ್ಲಿಗ್ ಬೇಕಾಗಿರೋ ಇಂಗ್ಲಿಸ್ಸು ನಾಕೇ ಪದ ಸಾ. ಟಾರ್ಗೆಟ್ಟು, ಪೀಸು, ರಿಜೆಕ್ಟು, ಶಿಫ್ಟು. ನಾಕೂ ಚೆನ್ನಾಗ್ ಬತ್ತದೆ." ನಕ್ಕಳು. ವ್ಯಾನು ಬಂತು. "ಬತ್ತೀನಿ ಸಾ" ಎಂದು ಓಡಿ ಹತ್ತಿದಳು.

ಕಲಿಸಿದರೆ ಯಾರು ಬೇಕಾದರೂ ಕಲಿಯುತ್ತಾರೆ ಎಂದು ಸೇವೆಯುದ್ದಕ್ಕೂ ತಿಳಿದುಕೊಂಡಿದ್ದೆ. ಅದು ಸುಳ್ಳಲ್ಲ, ಆ ಹುಡುಗಿ ಕಲಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಕಲಿಯಲು ಹಿಡಿಯುವಷ್ಟು ಕಾಲ ಯಾರಾದರೂ ಕಾಯಬೇಕು, ಮತ್ತು ಕಾಯಿಸುವ ಅಧಿಕಾರ ಮೇಷ್ಟ್ರ ಕೈಯಲ್ಲಿ ಇರುವುದಿಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಇದನ್ನು. ತಿಳಿದ ಮೇಲೂ ಇದನ್ನು ಏನು ಮಾಡಬೇಕೆಂದು ನನಗೆ ಗೊತ್ತಾಗಿಲ್ಲ.