ಅಂಗಾತ ಬಿದ್ದ ಚಾಂಪಿಯನ್ನರು

ಜಗತ್ತಿನ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ನರಲ್ಲಿ ಯಾರು ದೊಡ್ಡವರು, ಯಾರು ಪೊಳ್ಳು ಎಂಬುದನ್ನು ಸಿಂದಗಿ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕೂತು ನಾನೇ ತೀರ್ಮಾನಿಸುತ್ತಿದ್ದೆ. ಬಾಕ್ಸಿಂಗ್ ಕೈಗವಸನ್ನು ಮುಟ್ಟಿಯೂ ನೋಡಿದವನಲ್ಲ. ಹರೆಯದಲ್ಲಿ ನಾಲ್ಕಾರು ಕುಸ್ತಿ ಗೆದ್ದಿದ್ದೆ, ಊರವರು ಪೈಲ್ವಾನರೇ ಎಂದು ಕರೆದರು, ಅದು ತಲೆಗೇರಿತು. ಹಾಗಾಗಿ ನನ್ನದು ಕುಸ್ತಿಯ ಕಾಯ್ದೆ: ಬೆನ್ನು ನೆಲಕ್ಕೆ ಹತ್ತಿತೋ, ಆಸಾಮಿ ಸೋತ. ಬಿದ್ದವನು ಎದ್ದು, ಎದುರಾಳಿಯನ್ನು ಮಲಗಿಸಿ ಗೆದ್ದರೂ ನಾನು ಪಾಸು ಮಾಡುತ್ತಿರಲಿಲ್ಲ.

ಪಕ್ಕದಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಿರುವ ನನ್ನ ಗೆಳೆಯ ಸಾಹೇಬರಿಗೆ ಇದು ತಮಾಷೆ. ಕೊನೆಕೊನೆಗೆ ಕಂಡಕಂಡವರಿಂದ ಹೊಡೆತ ತಿಂದ ಒಬ್ಬ ಮುದಿ ಚಾಂಪಿಯನ್ನನಿಗೆ, ಮನೆಗೆ ಹೋಗಪ್ಪಾ ಎಂದು ಬೈದವನು ನಾನೇ. ಅವನು ಸತ್ತ ಸುದ್ದಿ ಟಿವಿಯಲ್ಲಿ ಬಂದ ದಿನ, ಅಂಥವನು ಇನ್ನು ಹುಟ್ಟುವುದಿಲ್ಲ ಎಂದು ಕಣ್ಣೊರೆಸಿಕೊಂಡವನೂ ನಾನೇ. ಸಾಹೇಬರು ಅದನ್ನು ಆಗಾಗ ನೆನಪಿಸಿ ನನ್ನ ಮಾನ ಕಳೆಯುತ್ತಿದ್ದರು.

ಹೋದ ಬೇಸಿಗೆಯಲ್ಲಿ ಬಚ್ಚಲಲ್ಲಿ ಜಾರಿದೆ. ಬಿದ್ದದ್ದು ಅಂಗಾತ. ಸೊಂಟದ ಮೂಳೆ ಮುರಿದು ವಿಜಯಪುರದಲ್ಲಿ ಆಪರೇಷನ್ ಆಯಿತು. ವಾಕರ್ ಹಿಡಿದು ದಿನಾ ನಡೆಯದಿದ್ದರೆ ಹಾಸಿಗೆಯೇ ಗತಿ ಎಂದರು ಡಾಕ್ಟರು. ಪೈಲ್ವಾನ ವಾಕರ್ ದೂಡುತ್ತ ಬಜಾರಿನಲ್ಲಿ ಹೋಗುವುದೇ? ಥೂ! ಬಾಗಿಲು ಹಾಕಿಕೊಂಡು ಪಡಸಾಲೆಯಲ್ಲಿ ಎರಡು ಸುತ್ತು ನಡೆದೆ, ಆಮೇಲೆ ಅದನ್ನೂ ಬಿಟ್ಟೆ. ಮಂಚದ ಮೇಲೆ ಬಿದ್ದು ಮೊಬೈಲಿನಲ್ಲಿ ಹಳೆಯ ಪಂದ್ಯಗಳನ್ನು ನೋಡುತ್ತ ಸತ್ತವರ ತಪ್ಪು ಹುಡುಕುತ್ತಿದ್ದೆ. ತೊಡೆಗಳು ಬತ್ತುತ್ತ ಬಂದವು. ಒಂದು ಮುಂಜಾನೆ ಎದ್ದು ಕೂರಲು ಹೆಂಡತಿಯ ಹೆಗಲು ಬೇಕಾಯಿತು.

"ನೀವು ಹಾಸಿಗಿ ಹಿಡದ್ರ ನನಗ ಎತ್ತಾಕ ಆಗೂದಿಲ್ರಿ," ಎಂದಳು. "ಪೈಲ್ವಾನ್ರು ನೀವು, ನಾ ಅಲ್ಲ."

ಹೇಳಿ ಅತ್ತ ತಿರುಗಿ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅಂದೇ ಸಂಜೆ ವಾಕರ್ ದೂಡುತ್ತ ಹೊರಟೆ. ಊರೆಲ್ಲ ನೋಡುತ್ತದೆ ಅಂದುಕೊಂಡಿದ್ದೆ. ಒಬ್ಬರೂ ನೋಡಲಿಲ್ಲ, ಅದೂ ಬೇಜಾರೇ ಆಯಿತು. ಚಹಾದಂಗಡಿಯಲ್ಲಿ ಸಾಹೇಬರು ಇಬ್ಬರು ಹೊಸ ಗಿರಾಕಿಗಳಿಗೆ ಯಾರೋ ಮಹಾಮಲ್ಲನ ಕಥೆ ಹೇಳುತ್ತಿದ್ದರು. ಸೊಲ್ಲಾಪುರದಲ್ಲಿ ಪಂಜಾಬಿ ಪೈಲ್ವಾನನೊಬ್ಬನನ್ನು ಎತ್ತಿ ಒಗೆದನಂತೆ. ಕೇಳುತ್ತ ಹೋದಂತೆ ಆ ಮಲ್ಲ ನಾನೇ ಎಂದು ತಿಳಿಯಿತು. ನಾನು ಸೊಲ್ಲಾಪುರಕ್ಕೆ ಹೋದದ್ದು ಚಾದರ ಕೊಳ್ಳಲು ಮಾತ್ರ.

ನನ್ನನ್ನು ಕಂಡ ಸಾಹೇಬರು ಕಥೆಯನ್ನು ಅಲ್ಲಿಗೇ ಬಿಟ್ಟು ಎದ್ದರು. ನನ್ನ ಹೆಸರು ಇಷ್ಟು ಬೆಳೆಯುವುದಾದರೆ ನಾನು ಮನೆಯಲ್ಲೇ ಇರಬಹುದಿತ್ತಲ್ಲ ಎಂದು ಚೇಷ್ಟೆ ಮಾಡಿದೆ. ಅವರು ನಗಲಿಲ್ಲ. ಒಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು, ಇನ್ನೊಂದರಲ್ಲಿ ಖುರ್ಚಿ ಎಳೆದರು.

"ನಿಮ್ಮ ಖಾಲಿ ಖುರ್ಚಿ ಬಾಜೂಕ ಕುಂತು ಸುಳ್ಳು ಹೇಳಿ ಹೇಳಿ ಸಾಕಾಗೈತ್ರಿ ನನಗ. ಕುಂದರ್ರಿ."