ಓಬಳಮ್ಮನ ಬಾನಿಯಲ್ಲಿ ಸಾಸಿವೆ ಹಿಂಡಿ

ಕೋವಿಡ್ ಗಲಾಟೆ ಮುಗಿದು ಜನ ಮಾಸ್ಕನ್ನು ಮೊಳೆಗೆ ನೇತುಹಾಕಿ ಮರೆತಿದ್ದ ಕಾಲ. ನಾನು ಪಾವಗಡ ತಾಲ್ಲೂಕಿನಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಇನ್ನು ಎರಡು ವರ್ಷ ಬಾಕಿ ಇತ್ತು. ಅದಕ್ಕೆ ಮೊದಲು ಕೊರಟಗೆರೆಯ ತೋವಿನಕೆರೆ, ಮಧುಗಿರಿಯ ದೊಡ್ಡೇರಿ, ಆಮೇಲೆ ಸಿರಾ, ಹೀಗೆ ಜಿಲ್ಲೆಯ ಬಡಗಣ ಭಾಗವನ್ನೆಲ್ಲ ಸುತ್ತಿ ಬಂದಿದ್ದೆ. ಮೂವತ್ತೊಂದು ವರ್ಷದ ಸೇವೆಯಲ್ಲಿ ನೋಡದ ಕಾಯಿಲೆಯಿಲ್ಲ ಅನ್ನುವ ಸಣ್ಣ ಜಂಬವೂ ಇತ್ತು. ಆ ಜಂಬವನ್ನು ಇಳಿಸಿದವರು ಬಲಸಮುದ್ರದ ಕಡೆಯ ಒಬ್ಬ ಹೆಂಗಸು. ಹೆಸರು ಓಬಳಮ್ಮ.

ಓಬಳಮ್ಮನಿಗೆ ಆಗ ಐವತ್ತು ದಾಟಿತ್ತು. ಹನ್ನೊಂದು ವರ್ಷದ ಹಿಂದೆ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಿದ್ದ ಮಗಳಿಗೆ ಎಂದು ತಂದ ಒಂದು ಹೆಣ್ಣುಮರಿ, ಅಳಿಯ ಬೇಡವೆಂದದ್ದರಿಂದ ಇವರಲ್ಲೇ ಉಳಿಯಿತು. ಆ ಒಂದು ಮರಿಯ ಸಂತತಿಯೇ ಬೆಳೆದು ಮೂವತ್ತು ತಾಯಿಕುರಿಗಳ ಮಂದೆಯಾಗಿತ್ತು. ಹೊರಗಿನಿಂದ ಒಂದೇ ಒಂದು ಹೆಣ್ಣುಕುರಿ ಕೊಂಡವರಲ್ಲ. ಮೂವತ್ತಕ್ಕೂ ಹೆಸರಿತ್ತು, ಯಾವುದು ಯಾವುದರ ಮಗಳು ಅನ್ನುವುದು ಬಾಯಿಪಾಠ. ಕುರಿಗಳ ಜೊತೆ ತೆಲುಗು, ಸರ್ಕಾರದವರ ಜೊತೆ ಕನ್ನಡ. ಬೈಯುವುದಾದರೆ ಮಾತ್ರ ಎರಡೂ.

ಆ ಸೀಮೆಯಲ್ಲಿ ಸೋಲಾರ್ ಪಾರ್ಕ್ ಬಂದ ಮೇಲೆ ಬೇಲಿಗಳು ಹೆಚ್ಚಾಗಿ, ಮೇವಿನ ಜಾಗ ಕಿರಿದಾಗಿತ್ತು. ಅರ್ಧ ದಿನ ಬಯಲು, ಅರ್ಧ ದಿನ ಕೊಟ್ಟಿಗೆ ಅನ್ನುವ ಪದ್ಧತಿಗೆ ಓಬಳಮ್ಮ ಹೊಂದಿಕೊಂಡಿದ್ದರು. ಗಬ್ಬದ ಕುರಿಗಳಿಗೆ ಕೊಟ್ಟಿಗೆಯಲ್ಲಿ ಕಡಲೆಕಾಯಿ ಹಿಂಡಿ. ಹಿಂಡಿ ಅಂದರೆ ಕಾಳಿನಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಚರಟ. ಅದನ್ನು ಹಿಂದಿನ ದಿನವೇ ಬಾನಿಗೆ, ಎಂದರೆ ಕಲ್ಲಿನ ತೊಟ್ಟಿಗೆ ಹಾಕಿ, ನೀರು ಹೊಯ್ದು, ಒಂದು ಹಿಡಿ ಕಲ್ಲುಪ್ಪು ಎಸೆದು ನೆನೆಸುತ್ತಿದ್ದರು. ಬೆಳಿಗ್ಗೆ ನೀರೂ ಚರಟವೂ ಸೇರಿ ಅಂಬಲಿಯಂತಾಗಿರುತ್ತಿತ್ತು. ಒಂದು ತೊಟ್ಟೂ ಚೆಲ್ಲುವುದಿಲ್ಲ. ನಮ್ಮ ಕಡೆ ಎಲ್ಲರೂ ಹೀಗೇ ಕೊಡುವುದು.

ಒಂದು ದಿನ ನನ್ನ ಮೊಬೈಲಿಗೆ ಅವರಿಂದ ಒಂದು ಫೋಟೋ ಬಂತು. ಕುರಿಯ ದವಡೆಯ ಕೆಳಗೆ ಊತ. ಆಗ ಕಾಲುಬಾಯಿ ಲಸಿಕೆ ಅಭಿಯಾನ ನಡೆಯುತ್ತಿತ್ತು. ನಾನು ದಿನಕ್ಕೆ ಇನ್ನೂರು ದನಗಳ ಕಿವಿ ಹಿಡಿದು ನಿಂತಿದ್ದೆ. ದವಡೆ ಕೆಳಗೆ ನೀರು ತುಂಬಿ ಊದಿಕೊಳ್ಳುವುದು ಕುರಿಗಳಲ್ಲಿ ಜಂತುಹುಳದ ಲಕ್ಷಣ. ‘ಜಂತಿನ ಔಷಧಿ ಕುಡಿಸಿ’ ಎಂದು ಎರಡು ಬೆರಳಿನಲ್ಲಿ ಒತ್ತಿ ಕಳಿಸಿಬಿಟ್ಟೆ. ಅದು ಎಷ್ಟು ವಯಸ್ಸಿನ ಕುರಿ ಎಂದು ಕೇಳಲಿಲ್ಲ. ಫೋಟೋದಲ್ಲಿದ್ದದ್ದು ಹುಟ್ಟಿ ಎರಡು ಗಂಟೆಯೂ ಆಗದ ಮರಿ. ಹುಟ್ಟಿದ ಮರಿಗೆ ಅಂಥ ಜಂತುಹುಳ ಎಲ್ಲಿಂದ ಬರಬೇಕು? ಕಾಲೇಜಿನ ಮೂರನೇ ವರ್ಷದ ಹುಡುಗನೂ ಮಾಡದ ತಪ್ಪು ಅದು.

ಮೂರು ದಿನ ಬಿಟ್ಟು ಓಬಳಮ್ಮ ಬೆಳಗಿನ ಬಸ್ಸಿಗೆ ಆಸ್ಪತ್ರೆಗೇ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ನನ್ನ ಮೇಜಿನ ಮುಂದೆ ಚೀಲ ಬಿಚ್ಚಿದರು. ಒಳಗೆ ಸತ್ತ ಮರಿ. ಮೈಮೇಲೆ ಉಣ್ಣೆಯೇ ಇಲ್ಲವೆನ್ನುವಷ್ಟು ತೆಳುವು, ಗಂಟಲ ಎರಡೂ ಕಡೆ ಗಡ್ಡೆ.

“ನಿಮ್ಮ ಔಷ್ದಿ ತಾಯಿಗೂ ಕುಡ್ಸಿದೆ, ಮರಿಗೂ ನೆಕ್ಸಿದೆ. ಇದು ಏಳನೇದು ಸಾ” ಅಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಹತ್ತು ದಿನದಲ್ಲಿ ಒಂಬತ್ತು ಕುರಿ ಈದಿದ್ದವು. ಏಳು ಮರಿ ಹೋಗಿದ್ದವು, ಎರಡು ಮಾತ್ರ ನೆಟ್ಟಗಿದ್ದವು. ಇನ್ನು ಇಪ್ಪತ್ತೊಂದು ಕುರಿ ಈಯಬೇಕಿತ್ತು. ಮಂದೆಗೆ ಏನೋ ಹತ್ತಿಕೊಂಡಿದೆ, ಗಬ್ಬ ಇರುವಾಗಲೇ ಮುಂದಿನ ಸಂತೆಗೆ ಎಲ್ಲವನ್ನೂ ಟೆಂಪೋಗೆ ಹಾಕಿಬಿಡೋಣ ಎಂದು ಗಂಡ ಪಟ್ಟು ಹಿಡಿದಿದ್ದರಂತೆ. ಊರಿನವರು ಸೋಲಾರ್ ಪ್ಯಾನಲ್‌ನ ಝಳ ಎಂದು ತೀರ್ಪು ಕೊಟ್ಟಿದ್ದರು. ಆ ಊರುಗಳಲ್ಲಿ ಮಳೆ ಬಾರದಿದ್ದರೂ ಪ್ಯಾನಲ್, ಹೆಚ್ಚು ಬಂದರೂ ಪ್ಯಾನಲ್.

“ಮಾರಾದೋ, ಮಡಿಕ್ಕಳಾದೋ, ಒಂದು ಮಾತು ಹೇಳಿ ಸಾ. ಸಂತೆಗೆ ನಾಕು ದಿನ ಐತೆ” ಅಂದರು ಓಬಳಮ್ಮ. ಹನ್ನೊಂದು ವರ್ಷದ ಮಂದೆ ಉಳಿಯಬೇಕೋ ಬೇಡವೋ ಅನ್ನುವುದನ್ನು, ಮೊನ್ನೆ ಎರಡು ಬೆರಳಿನಲ್ಲಿ ಔಷಧಿ ಹೇಳಿದವನ ಮುಂದೆ ಇಟ್ಟಿದ್ದರು.

ಮರಿಯನ್ನು ಕೊಯ್ದು ನೋಡಿದೆ. ಗಂಟಲಿನ ಥೈರಾಯ್ಡ್ ಗ್ರಂಥಿ ಹುಟ್ಟಿದ ಮರಿಯಲ್ಲಿ ಅವರೆಕಾಳಿನಷ್ಟಿರುತ್ತದೆ, ಹುಡುಕಿದರೆ ಸಿಗಬೇಕು. ಇದರಲ್ಲಿ ಒಂದೊಂದು ಕಡೆಯದೂ ನಿಂಬೆಹಣ್ಣಿನಷ್ಟಿತ್ತು, ಕಡುಗೆಂಪು. ಗಳಗಂಡ. ತಾಯಿಯ ಮೈಯಲ್ಲಿ ಅಯೋಡಿನ್ ಸಾಲದಿದ್ದರೆ, ಅಥವಾ ಅಯೋಡಿನ್ ಗ್ರಂಥಿಯೊಳಗೆ ಹೋಗದಂತೆ ಏನಾದರೂ ತಡೆದರೆ, ಹೊಟ್ಟೆಯೊಳಗಿನ ಮರಿಯ ಗ್ರಂಥಿ ಹೀಗೆ ಊದಿಕೊಳ್ಳುತ್ತದೆ. ತಾಯಿಗೆ ಮೇಲ್ನೋಟಕ್ಕೆ ಏನೂ ಆಗುವುದಿಲ್ಲ. ಪುಸ್ತಕದಲ್ಲಿ ಓದಿದ್ದೆ. ಹಿಮಾಲಯದ ಕಡೆಯ ಕಾಯಿಲೆ ಎಂದುಕೊಂಡಿದ್ದೆ.

ಮೊದಲ ಸಲ ಫೋಟೋ ನೋಡಿ ತಪ್ಪಿದವನು ಎರಡನೆಯ ಸಲ ಹುಷಾರಾದೆ. ಅವರು ಜೊತೆಗೆ ತಂದಿದ್ದ ತಾಯಿಕುರಿಗಳ ಹಿಕ್ಕೆಯನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದೆ. ಜಂತಿನ ಮೊಟ್ಟೆ ಇರಲಿಲ್ಲ. ಓಬಳಮ್ಮ ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದವರು ಆಗ ಬಾಯಿ ಬಿಟ್ಟರು.

“ನೀವು ಹಿಕ್ಕೆ ನೋಡಿದ್ರಿ ಸಾ. ನಾನು ಬಾನಿ ನೋಡ್ದೆ.”

ಏನು ನೋಡಿದಿರಿ ಎಂದು ಕೇಳಿದೆ. ಅಗ್ಗಕ್ಕೆ ಸಿಕ್ಕಿತೆಂದು ಎರಡೂವರೆ ತಿಂಗಳಿಂದ ಕಡಲೆಕಾಯಿ ಹಿಂಡಿಯ ಬದಲು ಸಾಸಿವೆ ಹಿಂಡಿ ಹಾಕುತ್ತಿದ್ದರಂತೆ. ಮೂವತ್ತರಲ್ಲಿ ಎರಡು ಕುರಿ ಮಾತ್ರ ಮೊದಲ ದಿನದಿಂದಲೂ ಆ ಘಾಟಿಗೆ ಮೂತಿ ತಿರುಗಿಸಿಕೊಂಡು, ಬಾನಿಗೆ ಬಾಯಿಯೇ ಹಾಕಿರಲಿಲ್ಲ. ಒಂದು ಬಿಳಿಮೂತಿ. ಇನ್ನೊಂದರ ಹೆಸರು ಗೌಡ್ತಿ.

“ಗೌಡ್ತಿಗೆ ಮೊದ್ಲಿಂದ್ಲೂ ಅಂಗೇ ದಿಮಾಕು. ಬೈದುಬೈದು ಸಾಕಾಗಿ ಬುಟ್ಬುಟ್ಟೆ. ಈಗ ನೋಡಿದ್ರೆ ನೆಟ್ಟಗಿರೋ ಮರಿ ಎರಡೇ. ಒಂದು ಬಿಳಿಮೂತೀದು, ಒಂದು ಗೌಡ್ತೀದು. ಮಿಕ್ಕವು ಬಾನಿ ನೆಕ್ಕಿ ನೆಕ್ಕಿ ತಿಂದವು ಕಣ್ ಸಾ.”

ಯಾವ ಪ್ರಯೋಗಾಲಯವೂ ಇಷ್ಟು ಅಚ್ಚುಕಟ್ಟಾದ ಪ್ರಯೋಗ ಮಾಡಿಕೊಡುತ್ತಿರಲಿಲ್ಲ. ಒಂದೇ ಕೊಟ್ಟಿಗೆ, ಒಂದೇ ಟಗರು, ಒಂದೇ ನೀರು. ತಿಂದವರು, ತಿನ್ನದವರು. ಲೆಕ್ಕ ಇಟ್ಟವರು ಒಂದು ಅಕ್ಷರ ಬರೆಯದ ಹೆಂಗಸು. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಂತೋಷವಾಯಿತು ಅಂತಲೂ ಹೇಳಬೇಕು, ಯಾಕೆಂದರೆ ದಾರಿ ಸಿಕ್ಕಿತ್ತು.

“ಮಾರಬೇಡಿ ಓಬಳಮ್ಮ” ಅಂದೆ. “ಎಲ್ಲ ಉಳೀತವೆ ಅಂತ ಹೇಳೋಕಾಗಲ್ಲ. ಆದ್ರೆ ಮಾರಬೇಡಿ.”

ಅವತ್ತೇ ಅವರ ಜೊತೆ ಊರಿಗೆ ಹೋದೆ. ಕೊಟ್ಟಿಗೆಯ ಮೂಲೆಯಲ್ಲಿ ಹಿಂಡಿ ಚೀಲಗಳಿದ್ದವು. ಒಂದು ಚೂರು ನೆನೆಸಿ ನಾಲಗೆಗೆ ಇಟ್ಟೆ, ಮೂಗಿಗೆ ಏರಿತು. ಸಾಸಿವೆಗೆ ಆ ಘಾಟು ಬರುವುದು ಗ್ಲುಕೋಸಿನೊಲೇಟ್ ಅನ್ನುವ ಅಂಶದಿಂದ. ನೀರು ಬಿದ್ದೊಡನೆ ಅದು ಒಡೆದು, ಥೈರಾಯ್ಡಿಗೆ ಅಯೋಡಿನ್ ಸಿಗದಂತೆ ತಡೆಯುವ ಪದಾರ್ಥಗಳಾಗುತ್ತದೆ. ಇವರು ನೆನೆಸಿದ ನೀರನ್ನೂ ಬಿಡದೆ ಕುಡಿಸಿದ್ದರು. ಜೊತೆಗೆ ಹಾಕಿದ್ದು ಕಲ್ಲುಪ್ಪು, ಅದರಲ್ಲಿ ಅಯೋಡಿನ್ ಸೇರಿಸಿರುವುದಿಲ್ಲ. ಕಡಲೆಕಾಯಿ ಹಿಂಡಿಗೆ ಒಪ್ಪುವ ಅಜ್ಜಿ ಕಾಲದ ಪದ್ಧತಿ, ಸಾಸಿವೆ ಹಿಂಡಿಗೆ ಬಂದಾಗ ತಿರುಗಿ ಒದ್ದಿತ್ತು.

ಹಿಂಡಿ ಬಂದದ್ದು ಸಿರಾದ ಅನ್ವರ್ ಸಾಹೇಬರ ಅಂಗಡಿಯಿಂದ. ಸಿರಾದಲ್ಲಿ ಕೆಲಸ ಮಾಡುವಾಗ ನನಗೆ ಪರಿಚಯ. ತಂದೆಯ ಕಾಲದಿಂದ ಹಿಂಡಿ-ಬೂಸಾ ವ್ಯಾಪಾರ, ಅಳತೆಯಲ್ಲಿ ಮೋಸ ಎಂದು ಯಾರೂ ಬೆರಳು ತೋರಿಸಿದವರಿಲ್ಲ. ಫೋನ್ ಮಾಡಿ ವಿಷಯ ಹೇಳಿದೆ. ಇಷ್ಟು ವರ್ಷ ಇಲ್ಲದ ಸಾಸಿವೆ ಹಿಂಡಿ ನಮ್ಮ ಸೀಮೆಗೆ ಹೇಗೆ ಬಂತು ಎಂದೂ ಕೇಳಿದೆ.

“ದೇಖೋ ಡಾಕ್ಟರ್ ಸಾಬ್” ಅಂದರು. “ರಾಜಸ್ಥಾನದ ಮಿಲ್ಲಿನ ಹಿಂಡಿ ಇದು. ಚೀನಾದವರು ಕೆನಡಾ ಜೊತೆ ಮುನಿಸ್ಕೊಂಡ್ರೆ ನಮ್ಮ ಹಿಂಡಿ ಹಡಗು ಹತ್ತುತ್ತೆ. ರಾಜಿ ಆದ್ರೆ ಲಾರಿ ಹತ್ತಿ ಸಿರಾಕ್ಕೆ ಬರುತ್ತೆ. ಈ ಸಲ ಲಾರಿ ಹತ್ತಿತು.”

ಅಂತರರಾಷ್ಟ್ರೀಯ ವ್ಯಾಪಾರವನ್ನು ಇದಕ್ಕಿಂತ ಚಿಕ್ಕದಾಗಿ ವಿವರಿಸಿದವರನ್ನು ನಾನು ಕಂಡಿಲ್ಲ. ಚೀನಾದವರು ದನ-ಕೋಳಿಗಳಿಗೆ ಹಿಂಡಿ ತರಿಸುವುದು ಕೆನಡಾದಿಂದ, ಅಲ್ಲಿ ಜಗಳವಾದರೆ ಮಾತ್ರ ನಮ್ಮದನ್ನು ಕೊಳ್ಳುತ್ತಾರೆ. ಕೆನಡಾದಲ್ಲಿ ಬೆಳೆಯುವುದು ಕನೋಲಾ. ಅದು ನಮ್ಮ ಸಾಸಿವೆಯ ದಾಯಾದಿ, ರೇಪ್‌ಸೀಡ್ ಅನ್ನುವ ಗಿಡದ ತಿದ್ದಿದ ತಳಿ. ಅಲ್ಲಿನ ತಳಿವಿಜ್ಞಾನಿಗಳು ವರ್ಷಗಟ್ಟಲೆ ಹೆಣಗಿ ಎಣ್ಣೆಯಲ್ಲಿದ್ದ, ಹೃದಯಕ್ಕೆ ಒಳ್ಳೆಯದಲ್ಲವೆನ್ನುವ ಎರುಸಿಕ್ ಆಮ್ಲವನ್ನು ಶೇಕಡಾ ಎರಡಕ್ಕಿಂತ ಕೆಳಗೆ ತಂದರು. ಹಿಂಡಿಯಲ್ಲಿನ ಗ್ಲುಕೋಸಿನೊಲೇಟನ್ನು ಗ್ರಾಂಗೆ ಮೂವತ್ತು ಮೈಕ್ರೋಮೋಲ್‌ಗಿಂತ ಕೆಳಗಿಳಿಸಿದರು. ಹೀಗಾಗಿ ಆ ಹಿಂಡಿಯನ್ನು ಹಂದಿ, ಕೋಳಿ, ಹಸುಗಳಿಗೆ ಧೈರ್ಯವಾಗಿ ಹಾಕುತ್ತಾರೆ. ನಮ್ಮ ಸಾಸಿವೆಯಲ್ಲಿ ಆ ಅಂಶ ಅದರ ಮೂರು ನಾಲ್ಕು ಪಟ್ಟು ಇರುವುದುಂಟು. ಅದು ಸಾಸಿವೆಯ ತಪ್ಪಲ್ಲ. ನಮಗೆ ಘಾಟು ಬೇಕು. ಘಾಟಿಲ್ಲದ ಸಾಸಿವೆಯನ್ನು ಒಗ್ಗರಣೆಗೆ ಹಾಕಿದರೆ ಅಡುಗೆಮನೆಯಿಂದ ಬೈಗುಳ ಕೇಳಿಬರುತ್ತದೆ. ಉತ್ತರದ ರೈತರು ತಲೆಮಾರುಗಳಿಂದ ಈ ಹಿಂಡಿಯನ್ನು ಹಸು-ಎಮ್ಮೆಗೆ ಹಿತಮಿತವಾಗಿ ಹಾಕುತ್ತಾರೆ, ಅವರಿಗೆ ಅಳತೆ ಗೊತ್ತು. ನಮ್ಮವರಿಗೆ ಹಿಂಡಿ ಬಂತು, ಅಳತೆ ಜೊತೆಗೆ ಬರಲಿಲ್ಲ.

“ಚೀಲದ ಮೇಲೆ ಸಾಸಿವೆ ಅಂತ ಬರ್ದಿದೆ ಸಾಬ್, ಮುಚ್ಚಿಟ್ಟು ಮಾರಿಲ್ಲ. ಆದ್ರೆ ಕುರಿಗೆ ಹಾಕ್ತೀರಾ, ಗಬ್ಬ ಇದೆಯಾ, ಅದನ್ನ ನಾನು ಕೇಳ್ಬೇಕಿತ್ತು. ಕೇಳ್ಲಿಲ್ಲ” ಅಂದರು ಅನ್ವರ್ ಸಾಹೇಬರು. ನಾನೂ ವಯಸ್ಸು ಕೇಳಿರಲಿಲ್ಲ. ಇಬ್ಬರೂ ಒಂದೇ ದೋಣಿಯವರು.

ಮಾರನೆಯ ದಿನವೇ ಅವರು ತಮ್ಮದೇ ಗಾಡಿಯಲ್ಲಿ ಕಡಲೆಕಾಯಿ ಹಿಂಡಿ ಹೇರಿಕೊಂಡು ಓಬಳಮ್ಮನ ಮನೆಗೆ ಬಂದು, ಸಾಸಿವೆ ಚೀಲಗಳನ್ನು ವಾಪಸ್ ಒಯ್ದರು. ಯಾರೂ ಕೇಳಿರಲಿಲ್ಲ. ಆಮೇಲೆ ಎರಡು ದಿನ ಅಂಗಡಿಯಲ್ಲಿ ಕೂತು, ಆ ಲಾರಿಯ ಹಿಂಡಿ ಕೊಂಡಿದ್ದ ಮಧುಗಿರಿ, ಸಿರಾ, ಪಾವಗಡದ ಒಬ್ಬೊಬ್ಬರಿಗೂ ಫೋನ್ ಮಾಡಿದರು. ಗಬ್ಬದ ಕುರಿ, ಮೇಕೆಗೆ ಹಾಕಬೇಡಿ, ಇರುವ ಹಿಂಡಿ ತಂದುಕೊಡಿ ಎಂದು. ಅಂಗಡಿಯ ಮುಂದೆ ಬೋರ್ಡೂ ಬಂತು. ಬೇರೆ ಊರುಗಳಲ್ಲಿ ಎಷ್ಟು ಮಂದೆಗಳು ಆ ಫೋನಿನಿಂದ ಉಳಿದವೋ ನನಗೆ ಗೊತ್ತಿಲ್ಲ. ಅಂಥ ವ್ಯಾಪಾರಿಗೆ ನಾನು ಇವತ್ತಿಗೂ ಎದ್ದು ನಿಂತು ಸಲಾಂ ಹೇಳುತ್ತೇನೆ.

ಇತ್ತ ನಾವು ಇಪ್ಪತ್ತೊಂದು ಕುರಿಗಳಿಗೆ ಚಿಕಿತ್ಸೆ ಶುರು ಮಾಡಿದೆವು. ಕಲ್ಲುಪ್ಪು ಬಿಟ್ಟು ಪ್ಯಾಕೆಟ್ಟಿನ ಅಯೋಡಿನ್ ಉಪ್ಪು. ವಾರಕ್ಕೊಮ್ಮೆ ಒಳತೊಡೆಯ ಉಣ್ಣೆಯಿಲ್ಲದ ಚರ್ಮಕ್ಕೆ ಟಿಂಕ್ಚರ್ ಅಯೋಡಿನ್ ಬಳಿಯುವುದು. ಚರ್ಮ ಅದನ್ನು ಹೀರಿಕೊಳ್ಳುತ್ತದೆ. ಓಬಳಮ್ಮ “ರಾವೇ ತಲ್ಲೀ” ಎಂದು ಒಂದೊಂದನ್ನೇ ಕರೆಯುವುದು, ಅವರ ಗಂಡ ಹಿಡಿದುಕೊಳ್ಳುವುದು, ನಾನು ಬಳಿಯುವುದು. ಗಂಡನ ಮುಖದಲ್ಲಿ ಮಾತ್ರ ಸಂತೆಯ ಟೆಂಪೋ ಹೋಗಿಬಿಟ್ಟಿತಲ್ಲ ಅನ್ನುವ ಕೊರಗಿತ್ತು.

ಮೊದಲ ಐದು ದಿನದಲ್ಲಿ ಮೂರು ಕುರಿ ಈದವು. ಮೂರೂ ಮರಿ ಹೋದವು. ಮೂರನೆಯದು ಸತ್ತ ಬೆಳಿಗ್ಗೆ ಗಂಡ ನನ್ನ ಮುಂದೆಯೇ, “ಇನ್ನೂ ಎಷ್ಟು ಅಂತ ಕಾಯ್ಬೇಕು?” ಎಂದು ಹೆಂಡತಿಯನ್ನು ಕೇಳಿದರು.

“ಬಾನಿ ತೊಳ್ದು ಐದೇ ದಿನ ಆಗೈತೆ. ಹೊಟ್ಟೇಲಿರೋದು ತೊಳ್ಯಾಕೆ ಟೈಮ್ ಬ್ಯಾಡ್ವಾ?” ಅಂದರು ಓಬಳಮ್ಮ. ಅಷ್ಟು ಹೇಳಿ ಮತ್ತೊಂದು ಕುರಿಯನ್ನು ಕರೆದರು. ನನ್ನ ವಿಜ್ಞಾನದ ಮೇಲೆ ನನಗಿಂತ ಅವರಿಗೇ ಹೆಚ್ಚು ನಂಬಿಕೆ ಇತ್ತು.

ಒಂಬತ್ತನೆಯ ದಿನ ಹುಟ್ಟಿದ ಹೆಣ್ಣುಮರಿಯ ಗಂಟಲಲ್ಲಿ ಸಣ್ಣ ಊತವಿತ್ತು. ಏಳಲಾರದು, ಆದರೆ ಉಸಿರಿತ್ತು. ಓಬಳಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಟಲಿಯಲ್ಲಿ ತಾಯಿಯ ಹಾಲು ಕುಡಿಸಿದರು. ನಾಲ್ಕನೇ ದಿನ ಅದು ತಾನೇ ಎದ್ದು ನಿಂತಿತು. ಆಮೇಲೆ ಹುಟ್ಟಿದವುಗಳ ಊತ ಒಂದಕ್ಕಿಂತ ಒಂದರದು ಕಡಿಮೆಯಾಗುತ್ತ ಹೋಯಿತು. ಮೂರನೇ ವಾರದ ಹೊತ್ತಿಗೆ ಬೆರಳಿಟ್ಟರೂ ಸಿಗುತ್ತಿರಲಿಲ್ಲ. ಇಪ್ಪತ್ತೊಂದು ಕುರಿಗೆ, ಒಂದು ಅವಳಿ ಸೇರಿ, ಇಪ್ಪತ್ತೆರಡು ಮರಿ. ಹತ್ತೊಂಬತ್ತು ಉಳಿದವು. ಟೆಂಪೋ ಮಾತನ್ನು ಗಂಡ ಮತ್ತೆ ಎತ್ತಲಿಲ್ಲ.

ಬಾಟಲಿ ಹಾಲಿನ ಆ ಮರಿಗೆ ಓಬಳಮ್ಮ ಇಟ್ಟ ಹೆಸರು ಕೆನಡಾ. ಘಾಟು ತೆಗೆದ ಸಾಸಿವೆಯ ಕಥೆಯನ್ನು ಅಯೋಡಿನ್ ಬಳಿಯುತ್ತ ನಾನೇ ಹೇಳಿದ್ದೆ. “ಕುರಿಗೋಸ್ಕರ ಸಾಸ್ವೆ ಗಿಡಾನೇ ತಿದ್ದವ್ರೆ ಅಂದ್ರೆ ಒಳ್ಳೆ ಜನಾನೇ ಇರ್ಬೇಕು ಬುಡಿ” ಎಂದಿದ್ದರು.

ನಿವೃತ್ತನಾದ ಮೇಲೆ ಹೋದ ವರ್ಷ ಒಂದು ಮದುವೆಗೆಂದು ಆ ಕಡೆ ಹೋದವನು ಓಬಳಮ್ಮನ ಮನೆಗೂ ಹೋದೆ. ಮಂದೆ ನಲವತ್ತು ದಾಟಿತ್ತು. ಸಾಸಿವೆ ಹಿಂಡಿಯನ್ನು ಅವರು ಪೂರ್ತಿ ಬಿಟ್ಟಿರಲಿಲ್ಲ. ನೆನೆಸಿ, ನೀರು ಚೆಲ್ಲಿ, ಟಗರುಗಳಿಗೆ ಮಾತ್ರ ಒಂದೊಂದು ಹಿಡಿ. “ಅವೇನು ಹೆರ್ತವಾ?” ಅಂದರು. ಆಮೇಲೆ “ರಾವೇ ಕೆನಡಾ” ಎಂದು ಕೂಗಿದರು. ದಷ್ಟಪುಷ್ಟವಾದ ತಾಯಿಕುರಿಯೊಂದು ಓಡಿಬಂತು, ಹಿಂದೆ ಅದರ ಮರಿ.

ಮೂವತ್ತು ಚಿಲ್ಲರೆ ವರ್ಷದ ಚಾಳಿ, ನನ್ನ ಕೈ ತಾನಾಗಿ ಮರಿಯ ಗಂಟಲಿಗೆ ಹೋಯಿತು. ಓಬಳಮ್ಮ ಮೆಲ್ಲಗೆ ನನ್ನ ಕೈ ಸರಿಸಿದರು.

“ಗಂಟ್ಲು ಆಮ್ಯಾಕೆ ಮುಟ್ಟಿ ಸಾ. ಮೊದ್ಲು ಬಾನಿ ನೋಡಿ.”

ಕಾಲೇಜು ಐದು ವರ್ಷದಲ್ಲಿ ಕಲಿಸದ್ದು, ಸರ್ವೀಸಿನ ಕೊನೆಯಲ್ಲಿ ನಾನು ಕಲಿತದ್ದು ಇಷ್ಟೇ. ನಾನು ಎದ್ದು ಹೋಗಿ ಬಾನಿ ನೋಡಿದೆ.