ಹುರುಳಿಕಾಯಿ ಮಾರುವಷ್ಟು ತಮಿಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ ಬಿಡಿ. ಆ ಕೋಪ ಇಲ್ಲದಿದ್ದರೆ ನಾನು ಸಂಶೋಧನೆಯ ಗೋಜಿಗೇ ಹೋಗುತ್ತಿರಲಿಲ್ಲ.

ಹೊಸೂರಿನ ಮೂಕಂಡಪಲ್ಲಿಯ ಹತ್ತಿರ ಗಾಡಿಗಳಿಗೆ ಗಿಯರ್ ಮಾಡುವ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ನನ್ನ ಕೆಲಸ. ಸ್ಟೋರು, ತಪಾಸಣೆ, ಪ್ಯಾಕಿಂಗು, ಲಾರಿ, ಗೇಟು, ಎಲ್ಲವನ್ನೂ ಒಂದೇ ಸಾಫ್ಟ್‌ವೇರ್ ನಡೆಸುತ್ತಿತ್ತು. ಅದನ್ನು ಬರೆದವರು ನಮ್ಮ ವಿಭಾಗದ ಮುಖ್ಯಸ್ಥರು; ನಾವೆಲ್ಲ ಸಾರ್ ಎನ್ನುತ್ತಿದ್ದೆವು. ಗೇಟಿನ ಪರದೆಯಲ್ಲಿ ಒಂದು ಪದ ತಿದ್ದಬೇಕಾದರೂ ಇಡೀ ಸಾಫ್ಟ್‌ವೇರ್ ನಿಲ್ಲಿಸಬೇಕು, ಅದಕ್ಕೆ ಕಾರ್ಖಾನೆಯೇ ನಿಂತಿರಬೇಕು. ಹಾಗಾಗಿ ಭಾನುವಾರ ಎಲ್ಲರಿಗೂ ರಜೆ, ಸಾರ್‌ಗೆ ಮಾತ್ರ ಕೆಲಸ. ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು ಬರುತ್ತಿದ್ದರು. ನಾನು ಸೇರಿದ ಹೊಸದರಲ್ಲಿ, ಸೋಮವಾರ ಕಂಡ ತಪ್ಪನ್ನು ತಿದ್ದಲು ಭಾನುವಾರದವರೆಗೆ ಕಾಯಬೇಕು ಎಂದಾಗ ಮೈಯೆಲ್ಲ ಉರಿದುಹೋಗಿತ್ತು.

ಆ ಉರಿಯಲ್ಲೇ ಪಿಎಚ್‌ಡಿಗೆ ಸೇರಿದೆ. ವಿಷಯ ಮೈಕ್ರೊಸರ್ವಿಸ್. ದೊಡ್ಡ ಸಾಫ್ಟ್‌ವೇರನ್ನು ಸಣ್ಣ ಸಣ್ಣ ತುಂಡು ಮಾಡುವುದು. ಪ್ರತಿ ತುಂಡೂ ತನ್ನ ಕೆಲಸ ತಾನು ನೋಡಿಕೊಳ್ಳಬೇಕು, ಒಂದು ಬಿದ್ದರೆ ಮಿಕ್ಕವು ನಡೆಯುತ್ತಿರಬೇಕು. ನಮ್ಮ ಕಾರ್ಖಾನೆಯದನ್ನೇ ಹನ್ನೆರಡು ತುಂಡು ಮಾಡಿ ತೋರಿಸುತ್ತೇನೆ ಎಂದು ಬರೆದುಕೊಟ್ಟೆ. ಗೈಡ್ ಒಂದೇ ಷರತ್ತು ಹಾಕಿದರು. ಇದು ನಿಜವಾದ ಕೆಲಸದಲ್ಲಿ ನಿಂತಿತು ಎಂದು ಕಾರ್ಖಾನೆಯ ಪತ್ರ ಬೇಕು; ಅದಿಲ್ಲದೆ ಪ್ರಬಂಧ ಸಲ್ಲಿಸುವ ಹಾಗಿಲ್ಲ. ಆ ಪತ್ರಕ್ಕೆ ಸಹಿ ಹಾಕಬೇಕಾದವರು ಬೇರೆ ಯಾರೂ ಅಲ್ಲ, ಸಾರ್.

"ಇರೋ ಒಂದು ಮನೆ ಕೆಡವಿ ಹನ್ನೆರಡು ಗುಡಿಸ್ಲು ಕಟ್ತೀನಿ ಅಂತೀಯಲ್ಲಮ್ಮಾ, ಮಳೆ ಬಂದಾಗ ನೋಡಾನ" ಎಂದು ಸಾರ್ ನಕ್ಕಿದ್ದರು. ನಾನೂ ನಕ್ಕೆ. ನನ್ನ ಕೆಲಸದ ಮೇಲೆ ನನಗೆ ಅಷ್ಟು ನಂಬಿಕೆ.

ನಾಲ್ಕು ವರ್ಷದ ಮೇಲೆ ಪರೀಕ್ಷೆಯ ದಿನ ಬಂತು. ಗೈಡ್ ಬಂದು ಕೂತಿದ್ದರು. ಕೆಟ್ಟರೆ ಹಳೆಯದಕ್ಕೆ ಮರಳುವ ಏರ್ಪಾಡೂ ಇತ್ತು. ಯಾವ ತುಂಡು ನಿಲ್ಲಿಸಲಿ, ನೀವೇ ಹೇಳಿ ಎಂದು ಸಾರ್‌ಗೆ ದೊಡ್ಡದಾಗಿ ಹೇಳಿದೆ. ಅವರು ಪಟ್ಟಿಯ ಮೇಲೆ ಬೆರಳಾಡಿಸಿ, ಕೊನೆಯ ಸಾಲಿನಲ್ಲಿ ನಿಲ್ಲಿಸಿದರು. "ಇದು."

ಅದು ಪರದೆಗಳ ಮೇಲೆ ಬರುವ ಮಾತನ್ನು ನೋಡಿಕೊಳ್ಳುವ ಭಾಷೆಯ ತುಂಡು. ನನ್ನ ಹೆಮ್ಮೆಯ ತುಂಡು ಕೂಡ. ನಮ್ಮ ಗೇಟಿನವರು ತಮಿಳು, ಪ್ಯಾಕಿಂಗಿನ ಹೆಂಗಸರಲ್ಲಿ ಅರ್ಧ ತೆಲುಗು, ತಳಿ ಎಂಬ ಊರಿನ ಕಡೆಯಿಂದ ಬರುವ ನಾವು ಕನ್ನಡ. ಒಂದೇ ಮಾತನ್ನು ಎರಡು ಕಡೆ ಬರೆಯಬಾರದು ಎಂದು ಕಾಲೇಜಿನಲ್ಲಿ ತಲೆಗೆ ಹೊಡೆದು ಕಲಿಸಿದ್ದರಲ್ಲ, ಮೂರು ಭಾಷೆಯ ಮಾತನ್ನೆಲ್ಲ ಒಂದೇ ಕಡೆ ಇಟ್ಟಿದ್ದೆ. ಬರೀ ಮಾತು ತಾನೇ, ಹೋದರೆ ಹೋಯಿತು ಎಂದುಕೊಂಡು ನಿಲ್ಲಿಸಿದೆ.

ಒಂದು ನಿಮಿಷ ಆಗಿರಲಿಲ್ಲ, ಸ್ಟೋರಿನ ಪರದೆ ನಿಂತಿತು. ಆಮೇಲೆ ಪ್ಯಾಕಿಂಗು. ಆಮೇಲೆ ಗೇಟು. ಪ್ರತಿ ತುಂಡೂ ತಾನು ಆಡಬೇಕಾದ ಮಾತಿಗಾಗಿ ಆ ಒಂದನ್ನೇ ಕಾಯುತ್ತ ಕೂತುಬಿಟ್ಟಿತು.

"ಏನಮ್ಮಾ, ಹನ್ನೆರಡೂ ಒಟ್ಗೇ ಮಲಿಕ್ಕೊಂಡ್ಬುಟ್ಟವಾ?" ಎಂದರು ಸಾರ್. ಗೈಡ್ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಇನ್ನೊಂದೇ ಒಂದು ಸಲ ನೋಡೋಣ, ಆಗಲೂ ಬಿದ್ದರೆ ಪತ್ರದ ಮಾತೇ ಬೇಡ ಎಂದು ಸಾರ್ ಖಡಾಖಂಡಿತವಾಗಿ ಹೇಳಿದರು. ನನಗೆ ಅಳು ಬರಲಿಲ್ಲ, ನನ್ನ ಮೇಲೆ ನನಗೇ ಸಿಟ್ಟು ಬಂತು. ಊರೆಲ್ಲ ಮೂರು ಭಾಷೆ ಆಡುವ ಕಡೆ ಹುಟ್ಟಿ, ಆ ಮೂರಕ್ಕೇ ಒಂದು ಬೀಗ ಹಾಕಿ ಕೂತಿದ್ದೆ ಎಂಬುದು ಆಗಿನ್ನೂ ನನಗೆ ಹೊಳೆದಿರಲಿಲ್ಲ.

ಮರುದಿನ ರಜೆ ಹಾಕಿ ಅವ್ವನ ಜೊತೆ ಹೊಸೂರಿನ ರೈತರ ಸಂತೆಗೆ ಹೋದೆ. ತಳಿಯಿಂದ ಹುರುಳಿಕಾಯಿ ತಂದು ಮಾರುವುದು ಅವ್ವನ ಕಸುಬು. ಒಬ್ಬಾಕೆಗೆ ತಮಿಳಲ್ಲಿ "ಇಳಸು ಅಕ್ಕಾ, ಒಡಚ್ಚಿ ಪಾರುಂಗ" ಎಂದಳು. ಪಕ್ಕದವಳಿಗೆ ತೆಲುಗಲ್ಲಿ "ಲೇತವಿ, ಪೊದ್ದುನ್ನೇ ಕೋಸಿನಾಮು" ಎಂದಳು. ಎಳೆಯ ಕಾಯಿ, ಮುರಿದು ನೋಡು, ಬೆಳಿಗ್ಗೆ ಕೊಯ್ದದ್ದು: ಇಷ್ಟೇ ವಿಷಯ. ಅದನ್ನು ಮೂರು ಭಾಷೆಯಲ್ಲಿ ಅಲ್ಲಲ್ಲೇ ತೂಗಿ ಕೊಡುತ್ತಿದ್ದಳು.

"ಅವ್ವಾ, ನಿಂಗೆ ಇಷ್ಟು ತಮಿಳು ಯಾರು ಹೇಳ್ಕೊಟ್ರು?" ಎಂದೆ, ಸುಮ್ಮನೆ ಮಾತಿಗೆ.

"ಯಾರು ಹೇಳ್ಕೊಟ್ಟಾರೆ? ಹುರುಳಿಕಾಯಿ ಮಾರಾಕೆ ಎಷ್ಟು ಬೇಕೋ ಅಷ್ಟು ಬತ್ತದೆ. ಆಸ್ಪತ್ರೆಗೆ ಹೋದ್ರೆ ಒಂದು ಮಾತೂ ಬರಾಕಿಲ್ಲ. ಆ ಕೊತ್ಮೀರಿ ಸೊಪ್ಪಿನವಳ್ನ ನೋಡು, ಅವಳಿಗೆ ಸೊಪ್ಪಿಗೆ ಬೇಕಾದಷ್ಟು ಬತ್ತದೆ."

"ಅವಳ್ನೇ ಕೇಳಿ ಮಾತಾಡಿದ್ರೆ ಆಗಾಕಿಲ್ವಾ?"

"ಥೂ, ನಿನ್ ಓದಿಗಿಷ್ಟು! ಅವಳು ಒಂದಿನ ಬರ್ದಿದ್ರೆ ನಾನು ಬಾಯಿ ಮುಚ್ಕೊಂಡು ಕೂತ್ಕಳ್ಳಾನಾ?"

ಅಯ್ಯೋ ಶಿವನೆ! ನಾಲ್ಕು ವರ್ಷ ಪೇಪರುಗಳನ್ನು ಗುಡ್ಡೆ ಹಾಕಿಕೊಂಡು ಓದಿದ್ದೆ. ತೂಕದ ಬಟ್ಟಲಿಗೆ ಕಾಯಿ ಸುರಿಯುತ್ತಲೇ ಅವ್ವ ಅದನ್ನು ಎರಡು ಮಾತಲ್ಲಿ ಮುಗಿಸಿಬಿಟ್ಟಳು. ಕೊನೆಯ ಗುಡ್ಡೆ ಮಾರುವವರೆಗೂ ನನಗೆ ಕೂರಲಾಗಲಿಲ್ಲ. ಅಲ್ಲಿಂದಲೇ ಕಾರ್ಖಾನೆಗೆ ಬಸ್ಸು ಹಿಡಿದೆ.

ಮೂರು ವಾರದಲ್ಲಿ ಭಾಷೆಯ ತುಂಡನ್ನು ತೆಗೆದೇ ಹಾಕಿದೆ. ಗೇಟಿಗೆ ಗೇಟಿನ ಮಾತು, ಸ್ಟೋರಿಗೆ ಸ್ಟೋರಿನ ಮಾತು, ಮೂರೂ ಭಾಷೆಯಲ್ಲಿ, ತಂತಮ್ಮ ಹತ್ತಿರವೇ. ಒಂದೇ ಪದ ಐದಾರು ಕಡೆ ಬಂತು. ಬರಲಿ. ಯಾವಾಗ ಹಾಗೆ ಬರೆಯುವುದೇ ಸರಿ ಎಂಬುದೇ ನನ್ನ ಪ್ರಬಂಧದ ಮುಖ್ಯ ಅಧ್ಯಾಯ ಆಯಿತು.

ಎರಡನೆಯ ಪರೀಕ್ಷೆಯಲ್ಲಿ ಸಾರ್ ಲಾರಿಯ ತುಂಡು ನಿಲ್ಲಿಸಿದರು. ಉಳಿದದ್ದು ನಡೆಯಿತು. ತಪಾಸಣೆಯದನ್ನೂ ನಿಲ್ಲಿಸಿದರು. ನಡೆಯಿತು. ಎರಡನ್ನೂ ಮತ್ತೆ ಚಾಲೂ ಮಾಡಿಸಿ, ಗೇಟಿನ ಪರದೆಯ ಮುಂದೆ ನಿಂತು ಅದರ ಕನ್ನಡ ಸಾಲಿಗೆ ಮುಖ ಕಿವುಚಿದರು.

"'ನಿರ್ಗಮನಕ್ಕೆ ಅನುಮತಿಸಲಾಗಿದೆ.' ಯಾರಮ್ಮಾ ಹಿಂಗೆ ಮಾತಾಡ್ತಾರೆ? 'ಗಾಡಿ ಬುಡಿ' ಅಂತ ಹಾಕು."

"ಈಗ್ಲಾ ಸಾರ್?"

"ಈಗ್ಲೇ. ಅಲ್ಲಿ ಲಾರಿ ನಿಂತೈತಲ್ಲ, ಅದು ಹೋಗೋದ್ರೊಳಗೆ."

ತಿದ್ದಿ, ಗೇಟಿನ ತುಂಡನ್ನು ಮಾತ್ರ ಹೊಸದಾಗಿ ಹಾಕಿದೆ. ಪರದೆಯ ಮೇಲೆ 'ಗಾಡಿ ಬುಡಿ' ಎಂದು ಬಂತು. ಲಾರಿ ಹೋಯಿತು. ಒಳಗೆ ಪ್ಯಾಕಿಂಗಿನ ಹೆಂಗಸರಿಗೆ ಏನಾಯಿತೆಂಬುದೂ ತಿಳಿಯಲಿಲ್ಲ. ನಾನು ಗೆದ್ದೆ ಎಂದು ಕುಣಿಯುವುದೊಂದು ಬಾಕಿ.

ಸಾರ್ ಅಲ್ಲೇ ಸ್ಟೂಲಿನ ಮೇಲೆ ಕೂತರು. "ಎಷ್ಟು ಹೊತ್ತಾಯ್ತು?"

"ಎರಡು ನಿಮಿಷ ಸಾರ್."

ಅವರು ಪರದೆಯತ್ತ ನೋಡಿದರು. "ನನ್ ಮಗಳು ಚಿಕ್ಕೋಳಿದ್ದಾಗ, ಸೈಕಲ್ ಹಿಡ್ಕೊಳ್ಳಪ್ಪಾ, ಕಲೀತೀನಿ ಅಂತಿದ್ಲು. ಮುಂದಿನ್ ಭಾನುವಾರ ಅಂತಿದ್ದೆ. ಒಂದಿನ ನೋಡಿದ್ರೆ ಅವಳೇ ಕಲ್ತ್ಕೊಂಡ್ಬುಟ್ಟವಳೆ."

ಇಷ್ಟು ವರ್ಷ ಈ ಮನುಷ್ಯನ ಮೇಲೆ ಹಲ್ಲು ಕಡಿದದ್ದಕ್ಕೆ ನನಗೆ ನಾಚಿಕೆಯಾಯಿತು. "ಎಲ್ಲಿ ಆ ಪತ್ರ? ಪೆನ್ ಕೊಡಮ್ಮಾ" ಎಂದು ಅವರೇ ಕೈ ಚಾಚಿದರು.

ಹೊಸದನ್ನೇ ಉಳಿಸಿಕೊಳ್ಳಲು ಕಾರ್ಖಾನೆ ಒಪ್ಪಿತು. ಆ ಭಾನುವಾರ, ಏನಾದರೂ ಕೆಟ್ಟೀತೆಂದು ನಾನು ಹೋಗಿ ಮಧ್ಯಾಹ್ನದವರೆಗೂ ಕಾದೆ. ಯಾವುದೂ ಕೆಡಲಿಲ್ಲ. ಸಾರ್ ಬರಲಿಲ್ಲ.